ಶೇ. 10 ಮಕ್ಕಳು ಸೊರಗಿದ್ದಾರೆಯೇ, ಅಳತೆ ತಪ್ಪಿದೆಯೇ?

ಪ್ರಶ್ನೆ: ಮೈಸೂರಿನಲ್ಲಿ ಆಹಾರ ಮತ್ತು ಪೌಷ್ಟಿಕತೆಯ ವಿಷಯ ಓದಿ, ಕೆಲವು ವರ್ಷ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೆ. ಈಗ ಮಲಾವಿಯ ಮಧ್ಯಭಾಗದ ಒಂದು ಹಳ್ಳಿಗಾಡಿನ ಜಿಲ್ಲೆಯಲ್ಲಿ ಸ್ವಯಂಸೇವಾ ಸಂಸ್ಥೆಯೊಂದರಲ್ಲಿದ್ದೇನೆ. ಸೆಪ್ಟೆಂಬರಿನಲ್ಲಿ 30 ಹಳ್ಳಿಗಳಲ್ಲಿ 6ರಿಂದ 59 ತಿಂಗಳ 412 ಮಕ್ಕಳನ್ನು ಅಳೆದೆವು. ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ. 10.3 ಬಂದರು. 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇದು ಶೇ. 3 ಮಾತ್ರ. ಹಣ ಕೊಡುವವರು ‘ಇದು ತುರ್ತುಸ್ಥಿತಿ, ಚಿಕಿತ್ಸಾ ಆಹಾರ ತರಿಸಿ’ ಎನ್ನುತ್ತಿದ್ದಾರೆ. ಜಿಲ್ಲೆಯ ಅಧಿಕಾರಿಗಳು ‘ಅಂಕಿ ತಪ್ಪು, ಇಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ, ನಮ್ಮ ಜನ ಮೊದಲಿನಿಂದಲೂ ಗಿಡ್ಡ’ ಎನ್ನುತ್ತಾರೆ. ತೋಳಿನ ಸುತ್ತಳತೆ 125 ಮಿ.ಮೀ.ಗಿಂತ ಕಡಿಮೆ ಇದ್ದವರು 9 ಮಕ್ಕಳು. ತಾಯಂದಿರ ಬಿಎಂಐ ಕೂಡ ತೆಗೆದೆವು, ತೀರಾ ತೆಳ್ಳಗಿನವರು ಹೆಚ್ಚು ಸಿಗಲಿಲ್ಲ. ಯಾರ ಮಾತು ಸರಿ? ಮತ್ತೆ ಸಮೀಕ್ಷೆ ಮಾಡಬೇಕೆ? ಹೇಗೆ? ಅಳತೆಯ ಹಾಳೆ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಚಿಂತೆ ಎರಡು ಕಡೆಯದು. ಅಂಕಿ ನಿಜವಾಗಿದ್ದು ನೀವು ಸುಮ್ಮನಿದ್ದರೆ ಮಕ್ಕಳ ಜೀವಕ್ಕೆ ಅಪಾಯ. ಅಂಕಿ ಸುಳ್ಳಾಗಿದ್ದು ನೀವು ತುರ್ತುಸ್ಥಿತಿ ಎಂದು ಹೊರಟರೆ, ಇಲ್ಲದ ಕಾಯಿಲೆಗೆ ಹಣ ಹೋಗಿ ಇರುವ ಕಾಯಿಲೆ ಹಾಗೇ ಉಳಿಯುತ್ತದೆ. ಹಾಳೆ ನೋಡಿದ ಮೇಲೆ ಹೇಳುತ್ತಿದ್ದೇನೆ: ಶೇ. 10.3ರಲ್ಲಿ ಬಹುಪಾಲು ಎತ್ತರ ಅಳೆಯುವ ಹಲಗೆಯ ಮೇಲೆ ಹುಟ್ಟಿದ್ದು, ಹೊಟ್ಟೆಯಲ್ಲಲ್ಲ. ಹಾಗೆಂದು ಜಿಲ್ಲೆಯ ಅಧಿಕಾರಿಗಳು ಕೊಟ್ಟ ಕಾರಣಗಳೂ ಸರಿಯಿಲ್ಲ.

ಮೊದಲು ಆ ಅಂಕಿಯನ್ನೇ ಬಿಚ್ಚೋಣ. ನಿಮ್ಮ ಹಾಳೆಯಲ್ಲಿ ಎತ್ತರಕ್ಕೆ ತಕ್ಕ ತೂಕದ ಝಡ್ ಸ್ಕೋರಿನ (ಆರೋಗ್ಯವಂತ ಮಕ್ಕಳ ಮಾನದಂಡದ ನಡುವಿನಿಂದ ಮಗು ಎಷ್ಟು ದೂರ ಎನ್ನುವ ಅಳತೆ; –2ಕ್ಕಿಂತ ಕೆಳಗಿದ್ದರೆ ಸೊರಗಿದ ಮಗು, –3ಕ್ಕಿಂತ ಕೆಳಗಿದ್ದರೆ ತೀವ್ರ) ಸರಾಸರಿ –0.1, ಮಾನಕ ವಿಚಲನೆ, ಅಂದರೆ ಅಂಕಿಗಳ ಹರಡು, 1.5. ಯಾವ ಊರಿನ ಮಕ್ಕಳನ್ನೇ ಆಗಲಿ, ಸರಿಯಾಗಿ ಅಳೆದರೆ ಈ ವಿಚಲನೆ 1ರ ಆಚೀಚೆ ಇರುತ್ತದೆ. ಪೌಷ್ಟಿಕತೆಯ ಸಮೀಕ್ಷೆಗಳಿಗೆ ಬಳಸುವ ಸ್ಮಾರ್ಟ್ ವಿಧಾನದಲ್ಲಿ 0.8ರಿಂದ 1.2ರವರೆಗೆ ಒಪ್ಪುತ್ತಾರೆ, ಅದನ್ನು ಮೀರಿದರೆ ಅಳತೆಯನ್ನೇ ಅನುಮಾನಿಸುತ್ತಾರೆ. ಸರಾಸರಿ –0.1 ಇದ್ದು ವಿಚಲನೆ 1 ಆಗಿದ್ದರೆ –2ಕ್ಕಿಂತ ಕೆಳಗೆ ಬೀಳುವ ಮಕ್ಕಳು ಶೇ. 2.9. ಅದೇ ಸರಾಸರಿಗೆ ವಿಚಲನೆ 1.5 ಹಾಕಿದರೆ ಶೇ. 10.3. ಒಂದು ಮಗುವೂ ತೂಕ ಕಳೆದುಕೊಳ್ಳದೆ ಅಂಕಿ ಮೂರು ಪಟ್ಟಿಗೂ ಮೀರಿ ಏರಿತು. –3ಕ್ಕಿಂತ ಕೆಳಗಿನವರ ಪಾಡು ಇನ್ನೂ ವಿಪರೀತ: ಶೇ. 0.2 ಇರಬೇಕಾದದ್ದು ಶೇ. 2.7 ಆಗುತ್ತದೆ. ಐದು ವರ್ಷದೊಳಗಿನ ಒಂದು ಲಕ್ಷ ಮಕ್ಕಳಿರುವ ಜಿಲ್ಲೆಯಲ್ಲಿ ಅದು 200 ಮಕ್ಕಳಿಗೂ 2,700 ಮಕ್ಕಳಿಗೂ ಇರುವ ಅಂತರ. ಚಿಕಿತ್ಸಾ ಆಹಾರದ ಪೆಟ್ಟಿಗೆಗಳ ಲೆಕ್ಕ ಇದರ ಮೇಲೆಯೇ ನಿಂತಿರುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಹಾಳೆಯ ಇನ್ನೊಂದು ತುದಿಯನ್ನು ನೋಡಿ. +2ಕ್ಕಿಂತ ಮೇಲೆ, ಅಂದರೆ ‘ದಪ್ಪ’ ಎಂದು ಬಂದ ಮಕ್ಕಳು ನಿಮ್ಮಲ್ಲಿ ಶೇ. 8. ಆ ಹಳ್ಳಿಗಳಲ್ಲಿ ನೂರಕ್ಕೆ ಎಂಟು ಮಕ್ಕಳು ದಪ್ಪ ಇರುವುದನ್ನು ನೀವು ಕಣ್ಣಾರೆ ಕಂಡಿದ್ದೀರಾ? ನಿಜವಾದ ಹಸಿವು ಇಡೀ ಗುಂಪನ್ನೇ ಎಡಕ್ಕೆ ತಳ್ಳುತ್ತದೆ. ವಿಚಲನೆ 1 ಇದ್ದು ಶೇ. 10 ಮಕ್ಕಳು ನಿಜಕ್ಕೂ ಸೊರಗಿದ್ದರೆ ಸರಾಸರಿ –0.7ರ ಸುತ್ತ ಇರಬೇಕಿತ್ತು, ದಪ್ಪ ಮಕ್ಕಳು ಇಲ್ಲವೇ ಇಲ್ಲ ಎನ್ನುವಂತಿರಬೇಕಿತ್ತು. ಸರಾಸರಿ ಅಲ್ಲಾಡದೆ ಎರಡೂ ತುದಿ ಊದಿಕೊಂಡಿದ್ದರೆ ಅದು ಕೈತಪ್ಪು.

ಆ ತಪ್ಪು ಎಲ್ಲಿ ನಡೆಯಿತು ಎನ್ನುವುದೂ ಹಾಳೆಯಲ್ಲೇ ಇದೆ. ಎತ್ತರದ ಕೊನೆಯ ಅಂಕಿಗಳನ್ನು ಎಣಿಸಿ. ದಶಾಂಶದ ನಂತರ 0ಯಿಂದ 9ರವರೆಗೆ ಪ್ರತಿ ಅಂಕಿಯೂ ಸುಮಾರು ಹತ್ತರಲ್ಲೊಂದು ಸಲ ಬರಬೇಕು. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಎತ್ತರಗಳು .0 ಅಥವಾ .5ರಲ್ಲಿ ಮುಗಿಯುತ್ತವೆ. ಓದುವವರು ಮಿಲಿಮೀಟರ್ ಗೆರೆ ನೋಡದೆ ಅಂದಾಜಿಗೆ ಹೇಳಿದ್ದಾರೆ. ಒಂದೂವರೆ ವರ್ಷದ ಆಸುಪಾಸಿನ, 80 ಸೆಂ.ಮೀ. ಉದ್ದದ ಮಗುವಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಝಡ್ ಸ್ಕೋರ್ ಸುಮಾರು 0.25ರಷ್ಟು ಸರಿಯುತ್ತದೆ. 200 ಗ್ರಾಂ ತೂಕ ತಪ್ಪಿದರೂ ಹೆಚ್ಚುಕಡಿಮೆ ಅಷ್ಟೇ. ಕಾಲು ಮಡಚಿ ಅಳುವ ಮಗುವಿನ ಒಂದೇ ಕಾಲನ್ನು ಎಳೆದು ಓದಿದರೆ ಎರಡು ಸೆಂಟಿಮೀಟರ್ ಹೋಗುವುದು ಏನೂ ದೊಡ್ಡ ಮಾತಲ್ಲ. 78.4 ಎಂದು ಕೂಗಿದ್ದನ್ನು 87.4 ಎಂದು ಬರೆದ ಸಾಲುಗಳೂ ಕೆಲವು ಇರುವಂತಿದೆ: ತೂಕ 9.6 ಕೆ.ಜಿ., ಎತ್ತರ 87.4. ಅಂಥವನ್ನು ಅಂದೇ ಸಂಜೆ, ಅನುಮಾನದ ಅಳತೆಗಳನ್ನು ತೋರಿಸಿಕೊಡುವ ಎನಾ ತಂತ್ರಾಂಶಕ್ಕೆ ಹಾಕಿದ್ದರೆ ಮರುದಿನ ಬೆಳಿಗ್ಗೆ ಆ ಮನೆಗೆ ಹೋಗಿ ಮತ್ತೆ ಅಳೆಯಬಹುದಿತ್ತು. ಎರಡು ತಿಂಗಳ ನಂತರ ಏನೂ ಮಾಡಲಾಗದು.

ಒಂದು ವಿಷಯ ಬೇರೆ ಇಡಿ: ವಯಸ್ಸಿನ ತಪ್ಪು ಈ ಶೇ. 10.3ಕ್ಕೆ ಕಾರಣವಲ್ಲ. ಎತ್ತರ–ತೂಕದ ಲೆಕ್ಕದಲ್ಲಿ ವಯಸ್ಸು ಬರುವುದೇ ಇಲ್ಲ. ಆದರೆ ವಯಸ್ಸಿಗೆ ತಕ್ಕ ಎತ್ತರ, ಅಂದರೆ ಕುಂಠಿತ ಬೆಳವಣಿಗೆಯ ಅಂಕಿಯನ್ನು ಅದು ಕೆಡಿಸುತ್ತದೆ. ನಿಮ್ಮ ಹಾಳೆಯಲ್ಲಿ 24, 36, 48 ತಿಂಗಳ ಮಕ್ಕಳು ರಾಶಿ ಬಿದ್ದಿದ್ದಾರೆ. ತಾಯಿ ‘ಎರಡು ವರ್ಷ’ ಎಂದಳು, ನಿಮ್ಮವರು 24 ಎಂದು ಬರೆದರು. 80 ಸೆಂ.ಮೀ. ಉದ್ದದ ಗಂಡು ಮಗು 20 ತಿಂಗಳಿನದಾದರೆ ಝಡ್ ಸುಮಾರು –1.5, ಕುಂಠಿತವಲ್ಲ. ಅದೇ ಮಗುವಿಗೆ 24 ಎಂದು ಬರೆದರೆ –2.5 ದಾಟಿ ಕುಂಠಿತರ ಪಟ್ಟಿಗೆ ಸೇರುತ್ತದೆ. ಮಲಾವಿಯಲ್ಲಿ ಬಹುತೇಕ ತಾಯಂದಿರ ಬಳಿ ಮಗುವಿನ ಹೆಲ್ತ್ ಪಾಸ್‌ಪೋರ್ಟ್ ಪುಸ್ತಕ ಇರುತ್ತದೆ. ಅದನ್ನು ತರಿಸಿ ಹುಟ್ಟಿದ ದಿನಾಂಕವನ್ನೇ ಬರೆಯಿರಿ, ತಿಂಗಳನ್ನಲ್ಲ. ಪುಸ್ತಕ ಇಲ್ಲದ ಕಡೆ ಊರಿನ ನೆನಪುಗಳ ಪಂಚಾಂಗ ಬೇಕು: ನವೆಂಬರ್–ಡಿಸೆಂಬರಿನ ಬಿತ್ತನೆ, ಫೆಬ್ರವರಿ–ಮಾರ್ಚಿನ ಹಸಿ ಜೋಳ, ಏಪ್ರಿಲ್–ಮೇ ಕೊಯ್ಲು, ಜುಲೈ 6ರ ಸ್ವಾತಂತ್ರ್ಯ ದಿನ, ಈಸ್ಟರ್, 2023ರ ಮಾರ್ಚಿನ ಫ್ರೆಡ್ಡಿ ಚಂಡಮಾರುತ. ಪಂಚಾಂಗವನ್ನು ಕಚೇರಿಯಲ್ಲಿ ಕೂತು ಬರೆಯಬೇಡಿ. ಆಯಾ ಪ್ರದೇಶದ ಆರೋಗ್ಯ ಕಾರ್ಯಕರ್ತರ ಜತೆ ಕೂತು ಬರೆಯಿರಿ. ಒಂದು ಎಚ್ಚರಿಕೆ: ಆ ಪುಸ್ತಕದಲ್ಲಿ ತಾಯಿಯ ಎಚ್‌ಐವಿ ಸ್ಥಿತಿಯೂ ನಮೂದಾಗಿರಬಹುದು. ನಿಮ್ಮವರು ಜನ್ಮದಿನದ ಪುಟ ಬಿಟ್ಟು ಬೇರೆ ಪುಟ ತಿರುವಬಾರದು, ಯಾವುದನ್ನೂ ಗಟ್ಟಿಯಾಗಿ ಓದಬಾರದು.

ಇನ್ನು ತೋಳುಪಟ್ಟಿಯ, ಅಂದರೆ ತೋಳಿನ ಸುತ್ತಳತೆಯ ಸಾಕ್ಷ್ಯ. 412ರಲ್ಲಿ 9 ಎಂದರೆ ಶೇ. 2.2. ಇದು ‘ಶೇ. 10 ಸುಳ್ಳು’ ಎನ್ನುವ ವಾದಕ್ಕೆ ಬಲ ಕೊಡುತ್ತದೆ, ಆದರೆ ಅದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ತೋಳುಪಟ್ಟಿಯೂ ಎತ್ತರ–ತೂಕವೂ ಒಂದೇ ಮಕ್ಕಳನ್ನು ಹಿಡಿಯುವುದಿಲ್ಲ. ಪಟ್ಟಿ ಚಿಕ್ಕ ವಯಸ್ಸಿನ, ಕುಂಠಿತ ಮಕ್ಕಳನ್ನು ಹೆಚ್ಚು ಹಿಡಿಯುತ್ತದೆ, ದೊಡ್ಡ ಮಕ್ಕಳನ್ನು ಬಿಡುತ್ತದೆ. ಕೆಲವು ದೇಶಗಳಲ್ಲಿ ಎರಡರ ನಡುವೆ ಅಜಗಜಾಂತರ ಇದೆ. ಹಳ್ಳಿಯಲ್ಲಿ ಮಗುವನ್ನು ಹುಡುಕಿ ಚಿಕಿತ್ಸೆಗೆ ಕಳಿಸಲು ಪಟ್ಟಿಯಂಥ ಸಾಧನ ಇನ್ನೊಂದಿಲ್ಲ. ಜಿಲ್ಲೆಯ ಚಿತ್ರ ಬಿಡಿಸಲು ಅದೊಂದೇ ಸಾಲದು, ಕುಂಠಿತ ಬೆಳವಣಿಗೆಯ ಬಗ್ಗೆಯಂತೂ ಅದು ಏನನ್ನೂ ಹೇಳುವುದಿಲ್ಲ.

ಈಗ ಅಧಿಕಾರಿಗಳ ಮಾತಿಗೆ ಬರೋಣ. ‘ನಮ್ಮ ಜನ ಗಿಡ್ಡ’ ಎನ್ನುವುದು ನಮ್ಮ ಕಡೆಯೂ ಕೇಳಿ ಬರುವ ಮಾತೇ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡ ಯುರೋಪಿನ ಮಕ್ಕಳದ್ದಲ್ಲ. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ 1997ರಿಂದ 2003ರವರೆಗೆ, ಎದೆಹಾಲು ಕುಡಿದ, ತಾಯಿ ಸಿಗರೇಟು ಸೇದದ, ಮನೆಯಲ್ಲಿ ಅನುಕೂಲವಿದ್ದ ಮಕ್ಕಳನ್ನು ಅಳೆದು ಮಾಡಿದ್ದು. ಅಕ್ರಾದ ಮಗು, ದೆಹಲಿಯ ಮಗು, ಓಸ್ಲೋದ ಮಗು ಐದು ವರ್ಷದವರೆಗೆ ಹೆಚ್ಚುಕಡಿಮೆ ಒಂದೇ ತೆರನಾಗಿ ಎತ್ತರ ಬೆಳೆದವು. ಒಬ್ಬೊಬ್ಬ ಮಗುವಿನ ಎತ್ತರಕ್ಕೆ ಅಪ್ಪ ಅಮ್ಮ ಕಾರಣರಿರಬಹುದು. ಇಡೀ ಜಿಲ್ಲೆಯ ಸರಾಸರಿ ಕೆಳಗೆ ಕೂತಿದ್ದರೆ ಅದಕ್ಕೆ ವಂಶ ಕಾರಣವಲ್ಲ. ಅದೇ 2015–16ರ ಸಮೀಕ್ಷೆಯಲ್ಲಿ ಮಲಾವಿಯ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 37 ಕುಂಠಿತ. ಶೇ. 30 ದಾಟಿದರೆ ಅದನ್ನು ‘ಅತಿ ಹೆಚ್ಚು’ ಎಂದು ಕರೆಯುವುದು ಈಗಿನ ಅಂತರರಾಷ್ಟ್ರೀಯ ಅಳತೆಗೋಲು. ನಿಮ್ಮ ಜಿಲ್ಲೆಯ ಕಾಯಿಲೆ ಇದು. ಸೊರಗಿದ ಮಕ್ಕಳ ಅಂಕಿಯ ಜಗಳದಲ್ಲಿ ಇದನ್ನು ಯಾರೂ ಎತ್ತಿಲ್ಲ ಎನ್ನುವುದೇ ನನಗೆ ಬೇಸರದ ಸಂಗತಿ.

‘ಮೆಕ್ಕೆಜೋಳಕ್ಕೆ ಬರವಿಲ್ಲ’ ಎನ್ನುವುದು ಕೊಯ್ಲಿನ ನಂತರದ ನಾಲ್ಕೈದು ತಿಂಗಳ ಮಟ್ಟಿಗೆ ನಿಜ ಇರಬಹುದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಣಜ ಖಾಲಿ, ಜನ ಗನ್ಯು ಎನ್ನುವ ಕೂಲಿಗೆ ಹೋಗುತ್ತಾರೆ. ಜೋಳ ತುಂಬಿದ್ದ ದಿನಗಳಲ್ಲೂ ಒಂದೂವರೆ ವರ್ಷದ ಮಗುವಿನ ತಟ್ಟೆಯಲ್ಲಿ ಏನಿದೆ ಎನ್ನುವುದೇ ಪ್ರಶ್ನೆ. ಬೆಳಿಗ್ಗೆ ಫಾಲಾ ಎನ್ನುವ ತೆಳು ಗಂಜಿ, ಮಧ್ಯಾಹ್ನ ಮತ್ತು ರಾತ್ರಿ ನ್ಸಿಮಾ (ನಮ್ಮ ಮುದ್ದೆಯ ನೆಂಟ, ಬಿಳಿ ಮೆಕ್ಕೆಜೋಳದ ಹಿಟ್ಟಿನದು) ಜತೆಗೆ ಕುಂಬಳದ ಸೊಪ್ಪೋ ಬೆಂಡೆಯೋ. ಹೊಟ್ಟೆ ತುಂಬುತ್ತದೆ, ಸತುವು, ಕೊಬ್ಬು, ಪ್ರಾಣಿಜನ್ಯ ಆಹಾರ ಸೇರುವುದಿಲ್ಲ. 2015–16ರ ಸೂಕ್ಷ್ಮ ಪೋಷಕಾಂಶ ಸಮೀಕ್ಷೆಯಲ್ಲಿ ಮಲಾವಿಯ ಮಕ್ಕಳಲ್ಲೂ ಹೆಂಗಸರಲ್ಲೂ ಹತ್ತರಲ್ಲಿ ಸುಮಾರು ಆರು ಜನರಿಗೆ ಸತುವಿನ ಕೊರತೆ ಕಂಡಿತ್ತು.

ಇನ್ನೊಂದು ನಂಬಿಕೆ, ಇದು ಅಧಿಕಾರಿಗಳದಲ್ಲ, ನಮ್ಮ ಪಠ್ಯಪುಸ್ತಕಗಳದ್ದು: ಕ್ವಾಶಿಯೋರ್ಕರ್ ಎಂದರೆ ಪ್ರೋಟೀನ್ ಕೊರತೆ. ಮಲಾವಿಯಲ್ಲಿ ಕಾಲು ಬಾತುಕೊಳ್ಳುವ ಈ ಕಾಯಿಲೆ ಬೇರೆ ಅನೇಕ ದೇಶಗಳಿಗಿಂತ ಹೆಚ್ಚು. 2013ರಲ್ಲಿ ಪ್ರಕಟವಾದ ಅಲ್ಲಿನ ಅವಳಿ ಮಕ್ಕಳ ಅಧ್ಯಯನದಲ್ಲಿ ಒಂದೇ ಮನೆಯ, ಒಂದೇ ಊಟದ ಜೋಡಿಯಲ್ಲಿ ಒಂದಕ್ಕೆ ಬಂದು ಇನ್ನೊಂದಕ್ಕೆ ಬಾರದ ಉದಾಹರಣೆಗಳು ಸಾಕಷ್ಟು ಸಿಕ್ಕವು. ಕರುಳಿನ ಸೂಕ್ಷ್ಮಜೀವಿಗಳ ಪಾತ್ರ ಅಲ್ಲಿ ಎದ್ದು ಕಂಡಿತು. ಆದ್ದರಿಂದ ಊಟದ ಪಟ್ಟಿ ನೋಡಿ ‘ಇಲ್ಲಿ ಬರುವುದಿಲ್ಲ’ ಎನ್ನಲಾಗದು. ಊತದ ನೀರು ತೂಕವನ್ನು ಏರಿಸುವುದರಿಂದ ಈ ಮಗು ಎತ್ತರ–ತೂಕದಲ್ಲಿ ಆರೋಗ್ಯವಂತನಂತೆ ಕಾಣುತ್ತದೆ. ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿಂದ ಮೂರು ಸೆಕೆಂಡು ಒತ್ತಿ ಬಿಡಿ. ಎರಡರಲ್ಲೂ ಗುಳಿ ಉಳಿದರೆ ತೂಕ ಎಷ್ಟೇ ಇರಲಿ, ಅದು ತೀವ್ರ ಅಪೌಷ್ಟಿಕತೆ. ಒಂದೇ ಕಾಲಿನಲ್ಲಿದ್ದರೆ ಗಾಯವೋ ಸೋಂಕೋ ಇರಬಹುದು. ನಿಮ್ಮ ಹಾಳೆಯಲ್ಲಿ ಊತದ ಕಾಲಂನಲ್ಲಿ ಎಲ್ಲ 412 ಸಾಲುಗಳಲ್ಲೂ ‘ಇಲ್ಲ’ ಎಂದಿದೆ. ಸೆಪ್ಟೆಂಬರಿನಲ್ಲಿ ಅದು ಸಾಧ್ಯ. ಪ್ರತಿ ಮಗುವಿನ ಪಾದವನ್ನು ನಿಜಕ್ಕೂ ಒತ್ತಿದರೇ ಎಂದು ತಂಡವನ್ನು ಕೇಳಿ.

ಮತ್ತೆ ಸಮೀಕ್ಷೆ ಮಾಡಬೇಕೆ ಎಂದರೆ, ಹೌದು. ಆದರೆ ಹಿಂದಿನದ್ದನ್ನೇ ಮತ್ತೊಮ್ಮೆ ಮಾಡುವುದಾದರೆ ಬೇಡ.

ಹಳ್ಳಿಗಳ ಆಯ್ಕೆಯಿಂದಲೇ ಶುರು ಮಾಡಿ. ನೀವು ಗಾಡಿ ಹೋಗುವ ಹಳ್ಳಿಗಳನ್ನು ಆರಿಸಿ, ಊರ ನಡುವೆ ನಿಂತು ಪೆನ್ನು ತಿರುಗಿಸಿ ದಿಕ್ಕು ಹಿಡಿದಿದ್ದೀರಿ. ರಸ್ತೆ ಬದಿಯ ಮನೆ, ಊರ ನಡುವಿನ ಮನೆ, ಎರಡೂ ತುಸು ಅನುಕೂಲದವು. ರಾಷ್ಟ್ರೀಯ ಅಂಕಿಅಂಶ ಕಚೇರಿಯಿಂದ 2018ರ ಜನಗಣತಿಯ ಗಣತಿ ವಲಯಗಳ ಪಟ್ಟಿಯನ್ನೂ ನಕ್ಷೆಯನ್ನೂ ತರಿಸಿ, ಜನಸಂಖ್ಯೆಯ ಅನುಪಾತದಲ್ಲಿ 40 ವಲಯ ಆರಿಸಿ. ಹೊಳೆಯಾಚೆ ಬಿದ್ದದ್ದನ್ನು ಕೈಬಿಡುವಂತಿಲ್ಲ. ಪ್ರತಿ ವಲಯದಲ್ಲೂ ಮುಖ್ಯಸ್ಥನ ಜತೆ ಮನೆಗಳ ಪಟ್ಟಿ ಮಾಡಿ, ಅದರಿಂದ ಸಮಾನ ಅಂತರದಲ್ಲಿ 18 ಮನೆ ತೆಗೆದುಕೊಳ್ಳಿ. ಮಗು ಇರುವ ಮನೆಗಳನ್ನಷ್ಟೇ ಪಟ್ಟಿ ಮಾಡಬಾರದು. ಮುಖ್ಯಸ್ಥ ಪರಿಹಾರ ಸಿಗಲಿ ಎಂದು ಬಡವರ ಮನೆಯನ್ನೋ, ಮರ್ಯಾದೆ ಉಳಿಯಲಿ ಎಂದು ನೆಂಟರ ಮನೆಯನ್ನೋ ತೋರಿಸುವುದು ಅಲ್ಲಿಂದಲೇ ಶುರುವಾಗುತ್ತದೆ.

40 ಮತ್ತು 18 ಎಲ್ಲಿಂದ ಬಂತು? ಕುಂಠಿತ ಬೆಳವಣಿಗೆ ಶೇ. 37 ಎಂದು ಹಿಡಿದು, ಆಚೀಚೆ 6 ಅಂಶದ ನಿಖರತೆ ಸಾಕು ಎಂದುಕೊಂಡು, ಒಂದೇ ಊರಿನ ಮಕ್ಕಳು ಒಂದೇ ಥರ ಇರುವುದಕ್ಕೆ 1.5 ಪಟ್ಟು ಸೇರಿಸಿದರೆ ಸುಮಾರು 406 ಮಕ್ಕಳು ಬೇಕು. ಮನೆಗೆ ಸರಾಸರಿ 4.4 ಜನ, ಅದರಲ್ಲಿ ಶೇ. 15 ಐದರೊಳಗಿನವರು, ಅವರಲ್ಲಿ ಆರು ತಿಂಗಳು ದಾಟಿದವರು ಶೇ. 90 ಎಂದಿಟ್ಟುಕೊಂಡರೆ ಮನೆಗೆ 0.59 ಮಗು. ನೂರಕ್ಕೆ ಐದು ಮನೆ ಸಿಗದೆ ಹೋಗುತ್ತವೆ ಎಂದು ಸೇರಿಸಿ: 720 ಮನೆ. ಇಷ್ಟೇ ಮಕ್ಕಳಲ್ಲಿ ಸೊರಗಿದವರು ಶೇ. 5ರಷ್ಟಿದ್ದರೆ ಅದು ಆಚೀಚೆ 2.7 ಅಂಶದಲ್ಲಿ ಸಿಗುತ್ತದೆ. ಶೇ. 3ಕ್ಕೂ 10ಕ್ಕೂ ನಡುವೆ ತೀರ್ಮಾನಿಸಲು ಅಷ್ಟು ಸಾಕು. ಹೋಬಳಿವಾರು ಅಂಕಿ ಬೇಕೆಂದು ಯಾರಾದರೂ ಕೇಳಿದರೆ ಒಪ್ಪಿಕೊಳ್ಳಬೇಡಿ, ಪ್ರತಿ ಭಾಗಕ್ಕೂ ಇಷ್ಟೇ ದೊಡ್ಡ ಇನ್ನೊಂದು ಸಮೀಕ್ಷೆ ಬೇಕಾಗುತ್ತದೆ. ಮೂರು ಜನರ ಐದು ತಂಡ, ದಿನಕ್ಕೊಂದು ವಲಯ, ಎಂಟು ದಿನ. ದಿನಕ್ಕೆ 18 ಮನೆಗಿಂತ ಹೆಚ್ಚು ಹೇರಿದರೆ ಸಂಜೆ ನಾಲ್ಕರ ನಂತರದ ಅಳತೆಗಳೆಲ್ಲ .0 ಮತ್ತು .5 ಆಗುತ್ತವೆ.

ನಿಮ್ಮ ತರಬೇತಿ ಒಂದೂವರೆ ದಿನದ್ದಾಗಿತ್ತು. ಐದು ದಿನ ಬೇಕು, ಅದರಲ್ಲಿ ಒಂದು ದಿನ ಪೂರ್ತಿ ಪರೀಕ್ಷೆಗೆ: ಹತ್ತು ಮಕ್ಕಳನ್ನು ಕೂರಿಸಿ ಪ್ರತಿ ಅಳತೆಗಾರನೂ ಎರಡೆರಡು ಸಲ, ಹಿಂದಿನ ಓದು ಕಾಣದಂತೆ ಅಳೆಯಬೇಕು. ಎತ್ತರದಲ್ಲಿ ಒಬ್ಬರ ಎರಡು ಓದುಗಳ ನಡುವಿನ ತಾಂತ್ರಿಕ ದೋಷ 0.4 ಸೆಂ.ಮೀ. ಒಳಗಿದ್ದರೆ ಉತ್ತಮ, 0.6 ದಾಟಿದವರ ಕೈಗೆ ಹಲಗೆ ಕೊಡಬೇಡಿ. ಲೆಕ್ಕವನ್ನು ಎನಾ ತಂತ್ರಾಂಶವೇ ಮಾಡುತ್ತದೆ. ಪರೀಕ್ಷೆಯಲ್ಲಿ ಫೇಲಾದವರು ಸಂಸ್ಥೆಯ ಹಿರಿಯರಾಗಿದ್ದರೆ ಅವರಿಗೆ ಬರೆಯುವ ಕೆಲಸ ಕೊಡಿ. ಈ ಒಂದು ದಿನವನ್ನು ಉಳಿಸಲು ಹೋದ ಸಮೀಕ್ಷೆಗಳೇ 1.5ರ ವಿಚಲನೆಯೊಂದಿಗೆ ವಾಪಸ್ ಬರುತ್ತವೆ.

ಅಳೆಯುವಾಗ ಹೆಚ್ಚು ಕೆಡುವುದು ಈ ಜಾಗಗಳಲ್ಲಿ. 87 ಸೆಂ.ಮೀ.ಗಿಂತ ಗಿಡ್ಡ ಮಗುವನ್ನು ಮಲಗಿಸಿ, ಉಳಿದವರನ್ನು ನಿಲ್ಲಿಸಿ ಅಳೆಯಬೇಕು. ಮಲಗಿಸಿದ ಉದ್ದ ನಿಂತ ಎತ್ತರಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು ಬರುವುದರಿಂದ, ಯಾವ ಭಂಗಿ ಎಂದು ಬರೆಯದಿದ್ದರೆ ಆ ಅಳತೆ ಕೆಟ್ಟಂತೆ. ತಲೆ ಹಿಡಿಯುವವರು ಒಬ್ಬರು, ಮೊಣಕಾಲು ಒತ್ತಿ ಪಾದದ ಹಲಗೆ ತರುವವರು ಇನ್ನೊಬ್ಬರು. ಎರಡೂ ಹಿಮ್ಮಡಿ ಹಲಗೆಗೆ ತಾಗಿರಬೇಕು. ಹೆಣೆದ ಜಡೆ ನೆತ್ತಿಯ ಮೇಲಿದ್ದರೆ ಬಿಚ್ಚಿಸಲು ತಾಯಿ ಒಪ್ಪದೆ ಇರಬಹುದು, ಆಗ ಜಡೆಯನ್ನು ಪಕ್ಕಕ್ಕೆ ಸರಿಸಿ ಹಲಗೆಯನ್ನು ಬುರುಡೆಗೆ ಒತ್ತಿ. ತಕ್ಕಡಿಯನ್ನು ಮರಳಿನ ಮೇಲೆ ಇಡಬೇಡಿ, ಜತೆಗೊಂದು ಪ್ಲೈವುಡ್ ಹಲಗೆ ಇರಲಿ. ತಾಯಿಯನ್ನು ನಿಲ್ಲಿಸಿ ಸೊನ್ನೆ ಮಾಡಿ ಮಗುವನ್ನು ಕೈಗೆ ಕೊಡುವ ತಕ್ಕಡಿಯಾದರೆ ಮಗುವನ್ನು ಸುತ್ತಿದ ಚಿತೆಂಜೆ ಬಟ್ಟೆ ತೆಗೆಸಿ, ಅದೊಂದೇ ಕಾಲು ಕೆ.ಜಿ. ತೂಗಬಹುದು. ಪ್ರತಿ ಬೆಳಿಗ್ಗೆ ತೂಕ ಗೊತ್ತಿರುವ ಒಂದು ಬಟ್ಟಿನಿಂದ ತಕ್ಕಡಿಯನ್ನೂ ಉದ್ದ ಗೊತ್ತಿರುವ ಕೋಲಿನಿಂದ ಹಲಗೆಯನ್ನೂ ನೋಡಿ. ತೋಳುಪಟ್ಟಿಗೆ ಎಡ ತೋಳು. ಭುಜದ ಮೂಳೆಯ ತುದಿಗೂ ಮೊಣಕೈ ತುದಿಗೂ ನಡುವಿನ ಬಿಂದುವನ್ನು ಕೈ ಮಡಚಿಸಿ ಗುರುತು ಹಾಕಿ, ಆಮೇಲೆ ಕೈ ಇಳಿಬಿಟ್ಟು ಅಳೆಯಿರಿ. ಪಟ್ಟಿ ಬಿಗಿಯಾದರೆ ಮೂರ್ನಾಲ್ಕು ಮಿ.ಮೀ. ಹೋಗುತ್ತದೆ, ಪಟ್ಟಿಯ ಹಳದಿ ಭಾಗದಲ್ಲಿರಬೇಕಾದ (115ರಿಂದ 125 ಮಿ.ಮೀ.) ಮಗು ಕೆಂಪಿಗೆ (115ಕ್ಕಿಂತ ಕೆಳಗೆ) ಬೀಳುತ್ತದೆ.

ಮನೆಗೆ ಬೀಗ ಇದ್ದರೆ ಪಕ್ಕದ ಮನೆಗೆ ಹೋಗುವುದು ದೊಡ್ಡ ತಪ್ಪು. ಗನ್ಯುಗೆ ಹೋದ ತಾಯಿಯ ಮನೆಯೇ ನೀವು ಹುಡುಕುತ್ತಿರುವ ಮನೆ. ಸಂಜೆ ಮತ್ತೆ ಹೋಗಿ, ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯಿರಿ. ಊರಲ್ಲಿ ಮಾಲಿರೊ, ಅಂದರೆ ಸಾವು ಆಗಿದ್ದರೆ ಅಂದು ಕೆಲಸ ನಿಲ್ಲಿಸಿ ಬೇರೆ ದಿನ ಬನ್ನಿ.

ಮಗುವಿನ ಊಟದ ಪ್ರಶ್ನೆಗಳನ್ನು 6ರಿಂದ 23 ತಿಂಗಳ ಮಕ್ಕಳಿಗೆ ಮಾತ್ರ ಕೇಳಿ. ನಿನ್ನೆ ಹಗಲು ರಾತ್ರಿ ತಿಂದದ್ದು, ಎದೆಹಾಲೂ ಸೇರಿ ಎಂಟು ಗುಂಪುಗಳಲ್ಲಿ ಐದಾದರೂ ಇದ್ದರೆ ಕನಿಷ್ಠ ವೈವಿಧ್ಯ ಎಂದು ಲೆಕ್ಕ. ಇಲ್ಲಿ ಮೋಸ ಹೋಗುವುದು ಮೀನಿನಲ್ಲಿ. ಮಗುವಿಗೆ ಉಸಿಪಾ ಮೀನಿನ ಸಾರನ್ನಷ್ಟೇ ಹಾಕಿ ಮೀನನ್ನು ದೊಡ್ಡವರು ತಿಂದಿದ್ದರೆ ಅದು ಮಾಂಸದ ಗುಂಪಿಗೆ ಸೇರದು. ಕಿತ್ತಳೆ ಬಣ್ಣದ ಸಿಹಿಗೆಣಸು ವಿಟಮಿನ್ ಎ ಗುಂಪಿಗೆ ಸೇರುತ್ತದೆ, ಬಿಳಿಯದು ಜೋಳದ ಜತೆಗೇ ಹೋಗುತ್ತದೆ. ಮಾವಿನ ಕಾಲದಲ್ಲಿ ಅಂಕಿ ಏಕಾಏಕಿ ಏರುತ್ತದೆ, ಅದನ್ನು ಯೋಜನೆಯ ಫಲ ಎಂದು ಬರೆದುಕೊಳ್ಳಬೇಡಿ. ಇನ್ನೊಂದು ಮಾತು: ನಿಮ್ಮ ಜಿಲ್ಲೆಯಲ್ಲಿ ಚೇವಾ ಜನರೇ ಹೆಚ್ಚಾಗಿದ್ದರೆ ಅದು ತಾಯಿಯ ಕಡೆಯಿಂದ ಸಾಗುವ ವಂಶ. ನಮ್ಮೂರಿನ ಲೆಕ್ಕದಲ್ಲಿ ಅತ್ತೆಯನ್ನು ಹುಡುಕಬೇಡಿ. ಗಂಜಿ ಯಾವಾಗ ಶುರು, ಎಷ್ಟು ತೆಳು ಎನ್ನುವುದನ್ನು ಹೇಳುವವಳು ಹೆಚ್ಚಾಗಿ ತಾಯಿಯ ತಾಯಿ. ಅಜ್ಜಿಯನ್ನು, ಅಂದರೆ ಅಗೊಗೊ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿ.

ತಾಯಂದಿರ ಬಿಎಂಐ ಬಗ್ಗೆ: ನೀವು ಗರ್ಭಿಣಿಯರನ್ನೂ ಸೇರಿಸಿದ್ದೀರಿ. ಏಳು ತಿಂಗಳ ಗರ್ಭಿಣಿಯ ತೂಕದಲ್ಲಿ ಬಿಎಂಐಗೆ ಅರ್ಥವಿಲ್ಲ, ಹೆರಿಗೆಯಾಗಿ ಎರಡು ತಿಂಗಳೊಳಗಿನವರಲ್ಲೂ ಇಲ್ಲ. ತೆಳ್ಳಗಿನವರು ಸಿಗದಿದ್ದುದಕ್ಕೆ ಇದೂ ಒಂದು ಕಾರಣ. ಅವರಿಗೆ ತೋಳುಪಟ್ಟಿ ಬಳಸಿ. 210 ಅಥವಾ 230 ಮಿ.ಮೀ., ದೇಶದ ಮಾರ್ಗಸೂಚಿಯಲ್ಲಿ ಯಾವುದಿದೆಯೋ ಅದು. ಉಳಿದವರಿಗೆ ಬಿಎಂಐ ಸರಿ. ಎಲ್ಲರ ಎತ್ತರವನ್ನೂ ಬರೆದಿಡಿ, 145 ಸೆಂ.ಮೀ.ಗಿಂತ ಗಿಡ್ಡ ತಾಯಂದಿರ ಪ್ರಮಾಣ ನಿಮ್ಮ ಕುಂಠಿತ ಮಕ್ಕಳ ಕಥೆಯ ಹಿಂದಿನ ಅಧ್ಯಾಯ. ತಾಯಂದಿರ ಊಟದ ವೈವಿಧ್ಯಕ್ಕೆ ಹತ್ತು ಗುಂಪುಗಳ ಪಟ್ಟಿಯಲ್ಲಿ ಕನಿಷ್ಠ ಐದು ಇರಬೇಕು. ಮೊದಲ ತಿಂಗಳುಗಳ ಗರ್ಭವನ್ನು ಹೆಂಗಸರು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಿಲ್ಲ, ಆ ಪ್ರಶ್ನೆಯನ್ನು ಹೆಣ್ಣು ಕಾರ್ಯಕರ್ತೆಯೇ ಪಕ್ಕಕ್ಕೆ ಕರೆದು ಕೇಳಬೇಕು.

ರಕ್ತಹೀನತೆಯ ಪರೀಕ್ಷೆ ಸೇರಿಸಲೇ ಎಂದು ನೀವು ಕೇಳಿಲ್ಲ, ಹಣ ಕೊಡುವವರು ಕೇಳಿಯೇ ಕೇಳುತ್ತಾರೆ. ನನ್ನ ಸಲಹೆ, ಈ ಸಲ ಬೇಡ. ಬೆರಳ ತುದಿಯ ಹನಿ ಬಲು ಚಂಚಲ. ಮಲಾವಿಯಲ್ಲೇ 2015–16ರಲ್ಲಿ ಬೆರಳ ಹನಿಯಿಂದ ಅಳೆದಾಗ ಐದರೊಳಗಿನ ಮಕ್ಕಳಲ್ಲಿ ಶೇ. 63 ರಕ್ತಹೀನತೆ ಬಂತು. ಅದೇ ಸಮೀಕ್ಷೆಯ ಜತೆಗೂಡಿ ನಡೆದ ಸೂಕ್ಷ್ಮ ಪೋಷಕಾಂಶ ಸಮೀಕ್ಷೆಯಲ್ಲಿ ರಕ್ತನಾಳದ ರಕ್ತ ತೆಗೆದಾಗ ಅದು ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಮೇಲಾಗಿ 2017ರಲ್ಲಿ ದಕ್ಷಿಣ ಮಲಾವಿಯಲ್ಲಿ ‘ರಕ್ತ ಹೀರುವವರು ಬಂದಿದ್ದಾರೆ’ ಎಂಬ ವದಂತಿ ಹಬ್ಬಿ ಜನರ ಗುಂಪುಗಳು ಕೊಲೆ ಮಾಡಿದ್ದವು, ವಿಶ್ವಸಂಸ್ಥೆ ಅಲ್ಲಿಂದ ಸಿಬ್ಬಂದಿಯನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ಹೊರಗಿನ ಮುಖದವರು ಸೂಜಿ ಹಿಡಿದು ಮನೆಮನೆಗೆ ಹೋಗುವುದಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು. ಗರ್ಭಿಣಿಯರ ಹಿಮೋಗ್ಲೋಬಿನ್ ಬೇಕೆಂದರೆ ಆರೋಗ್ಯ ಕೇಂದ್ರದ ತಪಾಸಣೆಯ ದಿನದ ದಾಖಲೆ ನೋಡಿ, ಅದು ಕೇಂದ್ರಕ್ಕೆ ಬಂದವರ ಅಂಕಿ ಮಾತ್ರ ಎಂದು ಅಡಿಯಲ್ಲಿ ಬರೆಯಿರಿ.

ಉಳಿದದ್ದು ಹಣ ಕೊಡುವವರ ಪ್ರಶ್ನೆ. ಮೂರು ದಾರಿ ಇವೆ. ಈಗಲೇ ಶೇ. 10ರ ಲೆಕ್ಕದಲ್ಲಿ ಚಿಕಿತ್ಸಾ ಆಹಾರ ತರಿಸಬಹುದು. ಉಳಿದ ಪೊಟ್ಟಣಗಳು ಅವಧಿ ಮುಗಿಯುತ್ತವೆ ಅಥವಾ ಸಂತೆಗೆ ಬರುತ್ತವೆ, ಮುಂದಿನ ಸಲ ನಿಮ್ಮ ಅಂಕಿಯನ್ನು ಜಿಲ್ಲೆ ನಂಬುವುದಿಲ್ಲ. ಏನೂ ಮಾಡದೆ ಹೊಸ ಸಮೀಕ್ಷೆಗೆ ಕಾಯಬಹುದು. ಬರಗಾಲದ ತಿಂಗಳುಗಳು ಹೊಸ್ತಿಲಲ್ಲಿರುವಾಗ ಅದು ಅಪಾಯ. ನಾನು ಆರಿಸುವುದು ಮೂರನೆಯದನ್ನು: ಹಳ್ಳಿಯ ಆರೋಗ್ಯ ಕಾರ್ಯಕರ್ತರಿಂದ ಪ್ರತಿ ತಿಂಗಳು ತೋಳುಪಟ್ಟಿ ಮತ್ತು ಪಾದದ ಊತದ ತಪಾಸಣೆ ಇಂದೇ ಶುರು ಮಾಡಿ, ತೋಳು 115 ಮಿ.ಮೀ.ಗಿಂತ ಕಡಿಮೆ ಇರುವವರನ್ನೂ ಊತ ಇರುವವರನ್ನೂ ಕೇಂದ್ರಕ್ಕೆ ಕಳಿಸಿ, ಹಿಂದಿನ ವರ್ಷಗಳಲ್ಲಿ ಜನವರಿ–ಮಾರ್ಚಿನಲ್ಲಿ ದಾಖಲಾದವರ ಲೆಕ್ಕಕ್ಕೆ ತುಸು ಮೇಲೆ ಚಿಕಿತ್ಸಾ ಆಹಾರ (ಅಲ್ಲಿ ಚಿಪೊಂಡೆ ಎನ್ನುತ್ತಾರೆ, 92 ಗ್ರಾಂ ಪೊಟ್ಟಣ, 500 ಕ್ಯಾಲರಿ) ದಾಸ್ತಾನು ಇಡಿಸಿ. ಕೇಂದ್ರದಲ್ಲಿ ದಾಸ್ತಾನು ಇದೆ ಎಂದು ಖಚಿತವಾಗದೆ ಸಮೀಕ್ಷೆಯ ತಂಡವನ್ನೂ ಹೊರಡಿಸಬೇಡಿ. ತೀವ್ರ ಅಪೌಷ್ಟಿಕ ಮಗುವನ್ನು ಕಂಡು ಚೀಟಿ ಬರೆದುಕೊಟ್ಟು, ಆ ತಾಯಿ ಹತ್ತು ಕಿಲೋಮೀಟರ್ ನಡೆದು ಬರಿಗೈಯಲ್ಲಿ ವಾಪಸಾದರೆ ಆ ಊರಿನ ಬಾಗಿಲು ಮತ್ತೆ ತೆರೆಯುವುದಿಲ್ಲ.

ಕುಂಠಿತ ಬೆಳವಣಿಗೆಗೆ ಚಿಪೊಂಡೆ ಉತ್ತರವಲ್ಲ, ಶೌಚಾಲಯವೊಂದೇ ಕಟ್ಟಿಸಿದರೂ ಆಗದು. ಜಿಂಬಾಬ್ವೆಯ ಹಳ್ಳಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಶೈನ್ ಪ್ರಯೋಗದಲ್ಲಿ ಶೌಚಾಲಯ, ಕೈತೊಳೆಯುವಿಕೆಯಿಂದ ಮಕ್ಕಳ ಎತ್ತರ ಏರಲಿಲ್ಲ. ಪೂರಕ ಆಹಾರದ ಸಲಹೆಯ ಜತೆ ದಿನಕ್ಕೊಂದು ಸಣ್ಣ ಕೊಬ್ಬಿನ ಪೋಷಕ ಪೊಟ್ಟಣ ಕೊಟ್ಟ ಕಡೆ 0.16 ಝಡ್‌ನಷ್ಟು ಏರಿತು. ಕಡಿಮೆ ಎನಿಸಬಹುದು, ಆದರೂ ಹಣ ಕೊಡುವವರ ಮುಂದೆ ಇಡುವಾಗ ಇಷ್ಟನ್ನೇ ಇಡಿ, ಮೂರು ವರ್ಷದಲ್ಲಿ ಶೇ. 37ನ್ನು 20ಕ್ಕೆ ತರುತ್ತೇವೆ ಎಂದು ಬರೆದುಕೊಡಬೇಡಿ.

ಹೊಸ ಸಮೀಕ್ಷೆಯನ್ನು ಜನವರಿಯ ಕೊನೆಯಲ್ಲಿ ಇಟ್ಟುಕೊಳ್ಳಿ. ಮಳೆಯಲ್ಲಿ ದಾರಿ ಕೆಡುತ್ತದೆ, ಎಂಟು ದಿನ ಹನ್ನೆರಡಾಗಬಹುದು, ಆದರೂ ಸೊರಗುವಿಕೆ ಮತ್ತು ಊತ ನಿಜಕ್ಕೂ ಕಾಣುವುದು ಆಗಲೇ. ಅದರ ಅಂಕಿಯನ್ನು ಸೆಪ್ಟೆಂಬರಿನದರ ಜತೆ ಹೋಲಿಸಬೇಡಿ. ಸೆಪ್ಟೆಂಬರಿನ ಹಾಳೆಯನ್ನು ಎಸೆಯಲೂಬೇಡಿ. ‘ಶೇ. 10.3, ವಿಚಲನೆ 1.5, ವಿಚಲನೆ 1 ಎಂದು ಹಿಡಿದರೆ ಸುಮಾರು ಶೇ. 3, ಯೋಜನೆಗೆ ಬಳಸತಕ್ಕದ್ದಲ್ಲ’ ಎಂದು ಒಂದು ಸಾಲು ಬರೆದು, ಜಿಲ್ಲಾ ಆರೋಗ್ಯ ಕಚೇರಿಗೂ ಹಣ ಕೊಡುವವರಿಗೂ ಒಂದೇ ದಿನ, ಒಂದೇ ಪ್ರತಿ ಕಳಿಸಿ.